ಖಿನ್ನತೆಯ ಮಾತ್ರೆ, ಮಂಡಿ ನೋವಿನ ಮಾತ್ರೆ: ಎರಡೂ ಒಂದೇ ಹೊಟ್ಟೆ ಸೇರಿದಾಗ

ಎಸಿಟಲೋಪ್ರಾಮ್, ಸರ್ಟ್ರಲಿನ್, ಫ್ಲುಆಕ್ಸೆಟಿನ್‌ನಂಥ ಖಿನ್ನತೆಯ ಮಾತ್ರೆಗಳನ್ನು ನಿತ್ಯವೂ ತೆಗೆದುಕೊಳ್ಳುತ್ತಿರುವವರು ಮಂಡಿ ನೋವಿಗೋ ಸೊಂಟ ನೋವಿಗೋ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ಮಾತ್ರೆ ನುಂಗಬಹುದೇ ಎಂಬ ಪ್ರಶ್ನೆಗೆ ‘ಖಂಡಿತ ಕೂಡದು’ ಎನ್ನುವ ಉತ್ತರವೂ ಸರಿಯಲ್ಲ, ‘ಏನೂ ಆಗುವುದಿಲ್ಲ’ ಎನ್ನುವ ಉತ್ತರವೂ ಸರಿಯಲ್ಲ. ಇವೆರಡೂ ಸೇರಿದಾಗ ರಕ್ತಸ್ರಾವದ, ಅದರಲ್ಲೂ ಜಠರ ಮತ್ತು ಸಣ್ಣಕರುಳಿನ ಆರಂಭದ ಭಾಗದಲ್ಲಿ ರಕ್ತಸ್ರಾವವಾಗುವ ಸಾಧ್ಯತೆ ಹೆಚ್ಚುತ್ತದೆ ಎಂಬುದು ವೈದ್ಯಲೋಕಕ್ಕೆ ಕಾಲು ಶತಮಾನದಿಂದ ತಿಳಿದಿರುವ ಸಂಗತಿ. ಆದರೆ ಆ ಹೆಚ್ಚಳವು ಇಪ್ಪತ್ತೈದು ವರ್ಷದ ಆರೋಗ್ಯವಂತರಲ್ಲಿ ಮೂರು ದಿನದ ಮಟ್ಟಿಗೆ ಬಹಳ ಸಣ್ಣದು; ಎಪ್ಪತ್ತು ದಾಟಿದ, ಹಿಂದೆ ಹೊಟ್ಟೆಹುಣ್ಣು ಆಗಿದ್ದ, ಹೃದಯಕ್ಕೆಂದು ಆಸ್ಪಿರಿನ್ ಕೂಡ ನುಂಗುವವರಲ್ಲಿ ತಿಂಗಳುಗಟ್ಟಲೆ ಮುಂದುವರಿದರೆ ಜೀವಕ್ಕೇ ಕುತ್ತು ತರುವಷ್ಟು ದೊಡ್ಡದು. ಯಾರಿಗೆ, ಎಷ್ಟು ದಿನ, ಜೊತೆಗೆ ಮತ್ತೇನಿದೆ ಎಂಬುದನ್ನು ಕೇಳದೆ ಈ ಪ್ರಶ್ನೆಗೆ ಉತ್ತರ ಹೇಳುವುದು ಸಾಧ್ಯವಿಲ್ಲ.

ಮೊದಲು ಯಾವ ಮಾತ್ರೆಗಳ ಮಾತು ಇದು ಎಂಬುದು ಸ್ಪಷ್ಟವಾಗಬೇಕು, ಏಕೆಂದರೆ ತಾವು ಈ ಗುಂಪಿನ ಔಷಧಿ ತೆಗೆದುಕೊಳ್ಳುತ್ತಿದ್ದೇವೆ ಎಂಬುದೇ ಅನೇಕರಿಗೆ ಗೊತ್ತಿರುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿಯುವವರಿಗೆ ಕೊಡುವ ಡುಲಾಕ್ಸೆಟಿನ್ ಮೂಲತಃ ಖಿನ್ನತೆಯ ಔಷಧಿಯೇ. ಆತಂಕಕ್ಕೆ, ಗೀಳಿಗೆ, ಪದೇ ಪದೇ ಬರುವ ಎದೆ ಢವಢವಕ್ಕೆ ಕೊಡುವುದೂ ಹೆಚ್ಚಿನ ವೇಳೆ ಎಸಿಟಲೋಪ್ರಾಮ್, ಪ್ಯಾರಾಕ್ಸೆಟಿನ್, ಸರ್ಟ್ರಲಿನ್‌ಗಳನ್ನೇ. ನಮ್ಮಲ್ಲಿ ಎಸಿಟಲೋಪ್ರಾಮ್ ಜೊತೆ ಕ್ಲೊನಾಜೆಪಾಮ್ ಬೆರೆಸಿದ ಒಂದೇ ಮಾತ್ರೆಯೂ ಧಾರಾಳವಾಗಿ ಬಳಕೆಯಲ್ಲಿದೆ. ಮನೆಯಲ್ಲಿ ಇದಕ್ಕೆ ‘ನಿದ್ದೆ ಮಾತ್ರೆ’ ಎಂದೋ ‘ನರದ ಮಾತ್ರೆ’ ಎಂದೋ ‘ಟೆನ್ಷನ್ ಮಾತ್ರೆ’ ಎಂದೋ ಹೆಸರಿರುತ್ತದೆ. ಇತ್ತ ನೋವಿನ ಮಾತ್ರೆಗಳ ಗುಂಪಿನಲ್ಲಿ ಮೇಲೆ ಹೇಳಿದವುಗಳಲ್ಲದೆ ನ್ಯಾಪ್ರೊಕ್ಸೆನ್, ಮುಟ್ಟಿನ ನೋವಿಗೆ ಕೊಡುವ ಮೆಫೆನಾಮಿಕ್ ಆಸಿಡ್, ಹಲ್ಲಿನ ವೈದ್ಯರು ಬರೆಯುವ ಕೆಟೊರೊಲ್ಯಾಕ್, ನಿಮೆಸುಲೈಡ್, ಪೈರಾಕ್ಸಿಕಾಮ್ ಎಲ್ಲವೂ ಸೇರುತ್ತವೆ. ಹೃದಯಕ್ಕೆ ಕೊಡುವ 75 ಮಿಲಿಗ್ರಾಂ ಆಸ್ಪಿರಿನ್ ಕೂಡ ಇದೇ ಮನೆತನದ್ದು, ಪ್ರಮಾಣ ಸಣ್ಣದೆಂದು ಅದನ್ನು ಲೆಕ್ಕದಿಂದ ಬಿಡುವಂತಿಲ್ಲ. ಪ್ಯಾರಾಸಿಟಮಾಲ್ ಮಾತ್ರ ಈ ಗುಂಪಿಗೆ ಸೇರಿದ್ದಲ್ಲ.

ಇನ್ನು ಅಪಾಯದ ಮೂಲ. ನಮ್ಮ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳೆಂಬ ಅತಿ ಸಣ್ಣ ಕಣಗಳಿವೆ. ರಕ್ತನಾಳದಲ್ಲಿ ಎಲ್ಲಾದರೂ ಬಿರುಕು ಬಿಟ್ಟರೆ ಅವು ಅಲ್ಲಿಗೆ ಬಂದು ಒಂದಕ್ಕೊಂದು ಅಂಟಿಕೊಂಡು ರಕ್ತ ಸೋರದಂತೆ ತಡೆಯುತ್ತವೆ. ಹೀಗೆ ಅಂಟಿಕೊಳ್ಳಲು ಅವುಗಳಿಗೆ ನೆರವಾಗುವ ವಸ್ತುಗಳಲ್ಲಿ ಸೆರೊಟೋನಿನ್ ಒಂದು. ಮನಸ್ಸಿನ ಸ್ಥಿತಿಯ ಜೊತೆ ತಳಕು ಹಾಕಿಕೊಂಡು ನಾವು ಕೇಳುವ ಸೆರೊಟೋನಿನ್ ಇದೇ, ಆದರೆ ದೇಹದ ಸೆರೊಟೋನಿನ್‌ನಲ್ಲಿ ಹೆಚ್ಚಿನ ಪಾಲು ತಯಾರಾಗುವುದು ಮೆದುಳಿನಲ್ಲಲ್ಲ, ಕರುಳಿನಲ್ಲಿ. ಪ್ಲೇಟ್‌ಲೆಟ್‌ಗಳು ಅದನ್ನು ತಾವೇ ತಯಾರಿಸಲಾರವು. ರಕ್ತದಲ್ಲಿ ತೇಲುವಾಗ ಹೀರಿಕೊಂಡು ಒಳಗೆ ಕೂಡಿಟ್ಟುಕೊಳ್ಳುತ್ತವೆ. ಖಿನ್ನತೆಯ ಮಾತ್ರೆ ಮೆದುಳಿನಲ್ಲಿ ಯಾವ ಹೀರುವಿಕೆಯನ್ನು ತಡೆದು ಗುಣ ತೋರಿಸುತ್ತದೋ ಪ್ಲೇಟ್‌ಲೆಟ್‌ನಲ್ಲೂ ಅದೇ ಹೀರುವಿಕೆಯನ್ನು ತಡೆಯುತ್ತದೆ. ಒಂದು ಪ್ಲೇಟ್‌ಲೆಟ್‌ನ ಆಯುಸ್ಸು ಏಳರಿಂದ ಹತ್ತು ದಿನ. ಆದ್ದರಿಂದ ಮಾತ್ರೆ ಆರಂಭಿಸಿದ ಕೆಲವು ವಾರಗಳಲ್ಲಿ ಹಳೆಯವು ಹೋಗಿ ಸೆರೊಟೋನಿನ್ ದಾಸ್ತಾನಿಲ್ಲದ ಹೊಸ ಪ್ಲೇಟ್‌ಲೆಟ್‌ಗಳು ರಕ್ತವನ್ನು ತುಂಬಿಕೊಳ್ಳುತ್ತವೆ. ರಕ್ತಪರೀಕ್ಷೆಯಲ್ಲಿ ಎಣಿಕೆ ಸರಿಯಾಗಿಯೇ ಬರುತ್ತದೆ, ಕಡಿಮೆಯಾಗಿರುವುದು ಅವುಗಳ ಅಂಟಿಕೊಳ್ಳುವ ಶಕ್ತಿ.

ನೋವಿನ ಮಾತ್ರೆ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತದೆ. ಊತ, ನೋವುಗಳನ್ನು ಉಂಟುಮಾಡುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳ ತಯಾರಿಕೆಯನ್ನು ಅದು ನಿಲ್ಲಿಸುತ್ತದೆ. ತೊಂದರೆಯೆಂದರೆ ಜಠರದ ಒಳಪೊರೆಯನ್ನು ಅಲ್ಲಿನ ಆಮ್ಲದಿಂದ ಕಾಪಾಡುವ ಲೋಳೆಗೂ, ಆ ಪೊರೆಯ ರಕ್ತಸಂಚಾರಕ್ಕೂ ಅದೇ ರಾಸಾಯನಿಕಗಳು ಬೇಕು. ಅವು ಇಲ್ಲವಾದಾಗ ಪೊರೆ ಸವೆದು ಹುಣ್ಣಾಗುತ್ತದೆ. ಪ್ಲೇಟ್‌ಲೆಟ್‌ಗಳು ಒಂದನ್ನೊಂದು ಕರೆಯಲು ಬಳಸುವ ಥ್ರಾಂಬಾಕ್ಸೇನ್ ಎಂಬ ವಸ್ತುವೂ ಇದೇ ಹೊಡೆತಕ್ಕೆ ಸಿಕ್ಕಿ ಕಡಿಮೆಯಾಗುತ್ತದೆ. ಹೀಗೆ ಒಂದು ಮಾತ್ರೆ ಗಾಯ ಮಾಡುತ್ತದೆ ಮತ್ತು ರಕ್ತ ಕಟ್ಟುವುದನ್ನು ಒಂದು ಬಗೆಯಲ್ಲಿ ತಡೆಯುತ್ತದೆ. ಇನ್ನೊಂದು ಅದೇ ರಕ್ತ ಕಟ್ಟುವಿಕೆಯನ್ನು ಮತ್ತೊಂದು ಬಗೆಯಲ್ಲಿ ತಡೆಯುತ್ತದೆ. ಒಂಟಿಯಾಗಿದ್ದಾಗ ದೇಹ ಸಂಭಾಳಿಸಿಕೊಳ್ಳುವ ಎರಡು ಕೊರತೆಗಳು ಜೊತೆಯಾದಾಗ ಸಣ್ಣ ಹುಣ್ಣೂ ನಿಲ್ಲದೆ ಸೋರತೊಡಗಬಹುದು.

ಇಲ್ಲಿಯೇ ನಮ್ಮ ಕಡೆಯ ಎರಡು ಗಟ್ಟಿ ನಂಬಿಕೆಗಳ ಬಗ್ಗೆ ಹೇಳಬೇಕು. ಒಂದು, ಹೊಟ್ಟೆ ತುಂಬ ಊಟ ಮಾಡಿ ನುಂಗಿದರೆ ನೋವಿನ ಮಾತ್ರೆ ಏನೂ ಮಾಡುವುದಿಲ್ಲ ಎಂಬುದು. ಇನ್ನೊಂದು, ಮಾತ್ರೆಯ ಬದಲು ಸೂಜಿ ಹಾಕಿಸಿಕೊಂಡರೆ ಹೊಟ್ಟೆಯ ತಂಟೆಯೇ ಇಲ್ಲ ಎಂಬುದು. ಊಟದಿಂದ ಹೊಟ್ಟೆಯ ಉರಿ, ಸಂಕಟ ಕಡಿಮೆಯಾಗಬಹುದು. ಆದರೆ ಪೊರೆ ಸವೆಯುವುದು ಮಾತ್ರೆ ಅಲ್ಲಿ ತಾಗಿದ್ದರಿಂದಷ್ಟೇ ಅಲ್ಲ, ಮುಖ್ಯವಾಗಿ ರಕ್ತದಲ್ಲಿ ಸೇರಿದ ಔಷಧಿ ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನು ನಿಲ್ಲಿಸಿದ್ದರಿಂದ. ಸೊಂಟಕ್ಕೆ ಚುಚ್ಚಿದ ಡೈಕ್ಲೋಫೆನಾಕ್ ಕೂಡ ರಕ್ತದ ಮೂಲಕ ಜಠರವನ್ನು ತಲುಪುತ್ತದೆ.

ಅಪಾಯ ಎಷ್ಟು ಎಂಬುದಕ್ಕೆ ಬರೋಣ. 1999ರಲ್ಲಿ ಬ್ರಿಟನ್ನಿನ ವೈದ್ಯಕೀಯ ದಾಖಲೆಗಳನ್ನು ಆಧರಿಸಿ ಪ್ರಕಟವಾದ ಅಧ್ಯಯನವೊಂದು ಈ ವಿಷಯಕ್ಕೆ ಜಗತ್ತಿನ ಗಮನ ಸೆಳೆಯಿತು. ಸೆರೊಟೋನಿನ್ ಬಗೆಯ ಖಿನ್ನತೆಯ ಮಾತ್ರೆಯೊಂದನ್ನೇ ತೆಗೆದುಕೊಳ್ಳುವವರಲ್ಲಿ ಜಠರದ ರಕ್ತಸ್ರಾವ ಸುಮಾರು 3 ಪಟ್ಟು, ನೋವಿನ ಮಾತ್ರೆಯೂ ಸೇರಿದಾಗ 15 ಪಟ್ಟಿಗೂ ಮೀರಿ ಎಂದು ಅದು ಹೇಳಿತ್ತು. ಆ 15 ಎಂಬ ಅಂಕಿ ಇಂದಿಗೂ ಅಲ್ಲಲ್ಲಿ ಹೆದರಿಸಲು ಬಳಕೆಯಾಗುತ್ತದೆ. ಅನಂತರ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆಗಳಲ್ಲಿ ಅದು ಇಳಿದಿದೆ: 2008ರದ್ದರಲ್ಲಿ ಎರಡೂ ಸೇರಿದಾಗ ಸುಮಾರು 6 ಪಟ್ಟು, 2014ರದ್ದರಲ್ಲಿ ಸುಮಾರು 4 ಪಟ್ಟು. ಪಟ್ಟುಗಳ ಲೆಕ್ಕಕ್ಕಿಂತ ಉಪಯುಕ್ತವಾದದ್ದು ಆ 2008ರ ವಿಶ್ಲೇಷಣೆಯೇ ಕೊಟ್ಟ ಇನ್ನೊಂದು ಲೆಕ್ಕ. ಐವತ್ತು ದಾಟಿದ, ಬೇರಾವ ಅಪಾಯದ ಕಾರಣವೂ ಇಲ್ಲದ 411 ಮಂದಿ ಖಿನ್ನತೆಯ ಮಾತ್ರೆಯೊಂದನ್ನೇ ಒಂದು ವರ್ಷ ತೆಗೆದುಕೊಂಡರೆ ಅದರ ಕಾರಣದಿಂದ ಹೆಚ್ಚುವರಿಯಾಗಿ ಒಬ್ಬರಿಗೆ ರಕ್ತಸ್ರಾವವಾಗುತ್ತದೆ; ನೋವಿನ ಮಾತ್ರೆಯನ್ನೂ ವರ್ಷವಿಡೀ ಜೊತೆಗೆ ನುಂಗಿದರೆ 106 ಮಂದಿಯಲ್ಲೇ ಒಬ್ಬರಿಗೆ. ವರ್ಷವಿಡೀ ಎಂಬ ಮಾತನ್ನು ಗಮನಿಸಬೇಕು. 105 ಮಂದಿಗೆ ಹೆಚ್ಚುವರಿಯಾಗಿ ಏನೂ ಆಗುವುದಿಲ್ಲ ಎಂಬುದು ಸಮಾಧಾನದ ಸಂಗತಿ. ಎರಡೂ ಬಗೆಯ ಮಾತ್ರೆಗಳನ್ನು ಲಕ್ಷಾಂತರ ಮಂದಿ ನುಂಗುವ ನಾಡಿನಲ್ಲಿ ಆ ಒಬ್ಬೊಬ್ಬರು ಸೇರಿ ಎಷ್ಟಾಗುತ್ತಾರೆ ಎಂಬುದು ಸಮಾಧಾನದ ಸಂಗತಿಯಲ್ಲ.

ಮೆದುಳಿನೊಳಗಿನ ರಕ್ತಸ್ರಾವದ ಬಗ್ಗೆಯೂ 2015ರಲ್ಲಿ ದಕ್ಷಿಣ ಕೊರಿಯಾದಿಂದ ಒಂದು ದೊಡ್ಡ ಅಧ್ಯಯನ ಬಂತು. ಹೊಸದಾಗಿ ಖಿನ್ನತೆಯ ಮಾತ್ರೆ ಆರಂಭಿಸಿದ 41 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ನೋಡಿ, ನೋವಿನ ಮಾತ್ರೆಯೂ ಸೇರಿದವರಲ್ಲಿ ಮೊದಲ 30 ದಿನಗಳಲ್ಲಿ ಈ ಅಪಾಯ 1.6 ಪಟ್ಟು ಎಂದು ಅದು ತಿಳಿಸಿತು. ಘಟನೆ ಅಪರೂಪದ್ದು, ಪರಿಣಾಮ ಮಾತ್ರ ಘೋರ.

ಅಪಾಯವನ್ನು ನಿಜವಾಗಿ ಏರಿಸುವವು ಜೊತೆಗಿರುವ ಇತರ ಸಂಗತಿಗಳು. ವಯಸ್ಸು 65 ದಾಟಿರುವುದು, ಹಿಂದೊಮ್ಮೆ ಹುಣ್ಣು ಅಥವಾ ರಕ್ತಸ್ರಾವ ಆಗಿರುವುದು, ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಅಥವಾ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನಂಥ ಔಷಧಿ, ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್, ನಿತ್ಯದ ಮದ್ಯಪಾನ, ಪಿತ್ತಜನಕಾಂಗದ ಕಾಯಿಲೆ ಇವು ಮುಖ್ಯ. ಕೀಲು ನೋವಿಗೆಂದು ಹೆಸರು, ವಿವರ ಏನೂ ಇಲ್ಲದ ಪುಡಿ ಅಥವಾ ಗುಳಿಗೆಗಳನ್ನು ತರಿಸಿಕೊಂಡು ತಿನ್ನುವವರು ಅವುಗಳಲ್ಲೂ ಗುಟ್ಟಾಗಿ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆಯನ್ನು ಮರೆಯಬಾರದು. ಇದಕ್ಕೆ ಎದುರಾಗಿ, ಮೈಸೂರಿನ ಹಾಸ್ಟೆಲೊಂದರಲ್ಲಿದ್ದು ಓದುತ್ತ ಆತಂಕಕ್ಕೆ ಸರ್ಟ್ರಲಿನ್ ತೆಗೆದುಕೊಳ್ಳುವ, ಹೊಟ್ಟೆಯ ತೊಂದರೆಯಿಲ್ಲದ ಹುಡುಗಿಯೊಬ್ಬಳು ಮುಟ್ಟಿನ ಮೊದಲೆರಡು ದಿನ ಮೆಫೆನಾಮಿಕ್ ಆಸಿಡ್ ನುಂಗಿದರೆ ಗಾಬರಿಯಾಗಬೇಕಾದ್ದಿಲ್ಲ. ಸ್ರಾವ ಮಾಮೂಲಿಗಿಂತ ಹೆಚ್ಚಾಯಿತೇ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆಗಳು ಬಿದ್ದವೇ ಎಂದು ನೋಡಿಕೊಂಡು ವೈದ್ಯರಿಗೆ ತಿಳಿಸಿದರೆ ಸಾಕು. ಅವಳನ್ನು ಹೆದರಿಸಿ ಸರ್ಟ್ರಲಿನ್ ಬಿಡಿಸುವುದು ಅದಕ್ಕಿಂತ ದೊಡ್ಡ ಅನಾಹುತ.

ಕಷ್ಟ ಇರುವುದು ಇನ್ನೊಂದು ಬಗೆಯ ರೋಗಿಗಳಲ್ಲಿ. ಮದ್ದೂರು ಕಡೆಯ ಹಳ್ಳಿಯೊಂದರ, ಅರವತ್ತೆಂಟು ವರ್ಷದ ಅಜ್ಜಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ಗದ್ದೆ ನಾಟಿ, ಕಳೆ ಕೀಳುವುದು ಎಂದು ಬಗ್ಗಿ ಬಗ್ಗಿ ಮಂಡಿ ಸವೆದಿದೆ. ಯಜಮಾನರು ತೀರಿಕೊಂಡ ಮೇಲೆ ಊಟ, ನಿದ್ದೆ ಬಿಟ್ಟಾಗ ಮಗ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದಿದ್ದಾನೆ; ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಅಲ್ಲಿಗೆ ಬರುವ ಮನೋವೈದ್ಯರು ಎಸಿಟಲೋಪ್ರಾಮ್ 10 ಮಿಲಿಗ್ರಾಂ ಬರೆದಿದ್ದಾರೆ. ಬಿ.ಪಿ. ಮಾತ್ರೆ ಇನ್ನೊಬ್ಬ ವೈದ್ಯರದು, ಅದರಲ್ಲಿ ಟೆಲ್ಮಿಸಾರ್ಟನ್ ಜೊತೆ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿದೆ. ಮಂಡಿ ನೋವಿಗೆ ಚೀಟಿಯೇ ಇಲ್ಲ. ಸಂತೆಯ ದಿನ ಮೆಡಿಕಲ್ ಅಂಗಡಿಯ ಮುಂದೆ ನಿಂತು ‘ಮಂಡಿ ನೋವಿಗೆ ನಾಕು ಮಾತ್ರೆ ಕೊಡಪ್ಪ’ ಎಂದರೆ ಆಯಿತು. ಅಂಗಡಿಯವನು ಹತ್ತರ ಸ್ಟ್ರಿಪ್‌ನಿಂದ ಕತ್ತರಿಯಲ್ಲಿ ನಾಲ್ಕು ಕತ್ತರಿಸಿ ಸಣ್ಣ ಕಾಗದದ ಕವರಿಗೆ ಹಾಕುತ್ತಾನೆ. ಔಷಧಿಯ ಹೆಸರೂ, ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬ ಎಚ್ಚರಿಕೆಯೂ ಅಂಗಡಿಯಲ್ಲೇ ಉಳಿದ ಆರು ಮಾತ್ರೆಗಳ ತುಂಡಿನಲ್ಲಿ ಇರುತ್ತವೆ. ಆ ಸ್ಟ್ರಿಪ್ ಪೂರ್ತಿ ಕೈಗೆ ಸಿಕ್ಕಿದ್ದರೆ ಅದರ ಬೆನ್ನಿನಲ್ಲಿ ಅಸಿಕ್ಲೋಫೆನಾಕ್ 100, ಪ್ಯಾರಾಸಿಟಮಾಲ್ 325, ಸೆರಾಶಿಯೋಪೆಪ್ಟಿಡೇಸ್ 15 ಮಿಲಿಗ್ರಾಂ ಎಂಬ ಮೂರು ಸಾಲುಗಳನ್ನು ಮೊಮ್ಮಗಳಾದರೂ ಓದಬಹುದಿತ್ತು. ನಾಲ್ಕು ಮುಗಿದ ಮೇಲೆ ಮತ್ತೆ ನಾಲ್ಕು, ಹೀಗೆ ವರ್ಷವಾಗುತ್ತದೆ.

ಇಲ್ಲಿ ಯಾವ ವೈದ್ಯರೂ ಅಪಾಯಕಾರಿಯಾದ ಜೋಡಿಯನ್ನು ಬರೆದಿಲ್ಲ. ಮಂಗಳವಾರದ ವೈದ್ಯರಿಗೆ ಮಂಡಿಯ ಮಾತ್ರೆ ತಿಳಿಯದು, ಅಂಗಡಿಯವನಿಗೆ ಮಂಗಳವಾರದ ಮಾತ್ರೆ ತಿಳಿಯದು. ಮುಂದೊಂದು ದಿನ ಮೂಳೆ ವೈದ್ಯರ ಬಳಿ ಹೋದಾಗಲೂ ‘ಬೇರೆ ಏನಾದರೂ ಮಾತ್ರೆ ತಗೋತೀರಾ ಅಮ್ಮಾ’ ಎಂಬ ಪ್ರಶ್ನೆಗೆ ಅಜ್ಜಿ ‘ಬಿ.ಪಿ.ದು ಒಂದು’ ಎಂದಷ್ಟೇ ಹೇಳುತ್ತಾರೆ, ಏಕೆಂದರೆ ಇನ್ನೊಂದನ್ನು ಹೇಳಿದರೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆಂಬ ಸಂಕೋಚ, ಪಕ್ಕದಲ್ಲಿ ಸೊಸೆಯ ಊರಿನವರು ಬೇರೆ ಕೂತಿರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಎರಡು ಔಷಧಿಗಳ ನಡುವಿನ ರಾಸಾಯನಿಕ ಸಂಬಂಧಕ್ಕಿಂತ ಈ ಮುಚ್ಚುಮರೆಯೇ ಹೆಚ್ಚು ಅಪಾಯಕಾರಿ. ಜೋಡಿ ತಿಳಿದಿದ್ದರೆ ಅದನ್ನು ಸುರಕ್ಷಿತಗೊಳಿಸುವ ದಾರಿಗಳು ವೈದ್ಯರ ಬಳಿ ಇವೆ.

ಅವುಗಳಲ್ಲಿ ಮೊದಲನೆಯದು ಹೊಟ್ಟೆಗೆ ರಕ್ಷಣೆ. ಎರಡೂ ಬೇಕೇ ಬೇಕು ಎಂದಾದಾಗ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆಯನ್ನು ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು ಕೊಡುತ್ತಾರೆ, ಅದರಿಂದ ಜಠರದ ರಕ್ತಸ್ರಾವದ ಅಪಾಯ ಬಹಳಷ್ಟು ಇಳಿಯುತ್ತದೆ. ಉರಿ ಬಂದಾಗ ಕುಡಿಯುವ ಬಣ್ಣದ ಆಂಟಾಸಿಡ್ ಸಿರಪ್ ಈ ಕೆಲಸ ಮಾಡುವುದಿಲ್ಲ. ಹಳೆಯ ರಾನಿಟಿಡಿನ್ ಬಗೆಯ ಮಾತ್ರೆಗಳ ರಕ್ಷಣೆಯೂ ಮಾಮೂಲಿ ಪ್ರಮಾಣದಲ್ಲಿ ಇದಕ್ಕೆ ಸಮನಲ್ಲ. ಆದರೆ ‘ಗ್ಯಾಸ್ ಮಾತ್ರೆ ತಗೊಂಡಿದ್ದೀನಿ’ ಎಂಬುದು ಪೂರ್ತಿ ರಕ್ಷಾಕವಚವೂ ಅಲ್ಲ. ಕರುಳಿನ ಕೆಳಭಾಗದ, ಮೆದುಳಿನ ರಕ್ತಸ್ರಾವದ ಮೇಲೆ, ಮೂತ್ರಪಿಂಡದ ಮೇಲೆ ಅದಕ್ಕೆ ಹಿಡಿತವಿಲ್ಲ.

ಅದಕ್ಕಿಂತ ಒಳ್ಳೆಯದು ನೋವಿನ ಮಾತ್ರೆಯನ್ನೇ ಬದಲಿಸುವುದು. ಮಂಡಿ ನೋವಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚಿದರೆ ಮಾತ್ರೆಗೆ ಹೋಲಿಸಿದಾಗ ನೂರಕ್ಕೆ ಸುಮಾರು 6 ಭಾಗದಷ್ಟು ಔಷಧಿ ಮಾತ್ರ ರಕ್ತಕ್ಕೆ ಸೇರುತ್ತದೆ, ಕೀಲಿಗೆ ಸಿಗಬೇಕಾದದ್ದು ಸಿಗುತ್ತದೆ. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮದ ಗುಣವನ್ನು ನಾವು ಯಾವಾಗಲೂ ಕಡಿಮೆ ಅಂದಾಜು ಮಾಡುತ್ತೇವೆ. ಪ್ಯಾರಾಸಿಟಮಾಲ್ ಈ ಜೋಡಿಯಲ್ಲಿ ಸುರಕ್ಷಿತ, ಆದರೆ ದಿನಕ್ಕೆ 4 ಗ್ರಾಂ ಮೀರುವಂತಿಲ್ಲ. ವಯಸ್ಸಾದವರು, ಸಣಕಲು ಮೈಯವರು, ಮದ್ಯಪಾನಿಗಳು ಅದಕ್ಕಿಂತ ಸಾಕಷ್ಟು ಕೆಳಗೇ ನಿಲ್ಲಬೇಕು, ಮತ್ತು ನೋವಿನ ಮಿಶ್ರಮಾತ್ರೆಗಳಲ್ಲೂ ಶೀತದ ಮಾತ್ರೆಗಳಲ್ಲೂ ಅಡಗಿರುವ ಪ್ಯಾರಾಸಿಟಮಾಲ್‌ನ ಲೆಕ್ಕ ಸೇರಿಸಿಕೊಳ್ಳಬೇಕು. ಎಟೊರಿಕಾಕ್ಸಿಬ್, ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆಗಳು ಪ್ಲೇಟ್‌ಲೆಟ್‌ಗಳ ಗೋಜಿಗೆ ಹೋಗುವುದಿಲ್ಲ, ಜಠರಕ್ಕೂ ಮೃದು. ಆದರೆ ಇದೇ ವಂಶದ ರೋಫೆಕಾಕ್ಸಿಬ್ ಹೃದಯಾಘಾತದ ಕಾರಣಕ್ಕೆ 2004ರಲ್ಲಿ ಮಾರುಕಟ್ಟೆಯಿಂದ ಹೊರಬಿದ್ದದ್ದನ್ನು ನೆನಪಿಟ್ಟು ಹೃದ್ರೋಗಿಗಳಿಗೆ ಇವನ್ನು ಅಳೆದು ತೂಗಿ ಕೊಡಬೇಕಾಗುತ್ತದೆ.

ಬದಲಾವಣೆಯ ಹೆಸರಿನಲ್ಲಿ ಹೊಸ ಗುಂಡಿಗೆ ಬೀಳುವುದೂ ಉಂಟು. ಟ್ರಮಡಾಲ್ ಎಂಬ ನೋವಿನ ಮಾತ್ರೆ ಡೈಕ್ಲೋಫೆನಾಕ್ ಗುಂಪಿನದಲ್ಲ, ಹೊಟ್ಟೆ ಸುಡುವುದಿಲ್ಲ ಎಂಬ ಕಾರಣಕ್ಕೆ ಅದನ್ನು ಆರಿಸಿದರೆ, ಅದೂ ಸೆರೊಟೋನಿನ್ ಅನ್ನು ಹೆಚ್ಚಿಸುವ ಔಷಧಿ. ಖಿನ್ನತೆಯ ಮಾತ್ರೆಯ ಜೊತೆ ಸೇರಿ ಮೈ ಬೆವರುವುದು, ನಡುಕ, ತಳಮಳ, ಸ್ನಾಯು ಸೆಡೆತ, ಜ್ವರ ತರುವ ಸೆರೊಟೋನಿನ್ ಅತಿರೇಕಕ್ಕೂ, ಕೆಲವರಲ್ಲಿ ಫಿಟ್ಸ್‌ಗೂ ದಾರಿ ಮಾಡಬಹುದು. ವಿಚಿತ್ರವೆಂದರೆ ಪ್ಯಾರಾಕ್ಸೆಟಿನ್, ಫ್ಲುಆಕ್ಸೆಟಿನ್, ಡುಲಾಕ್ಸೆಟಿನ್‌ಗಳು ಟ್ರಮಡಾಲನ್ನು ಅದರ ಬಲವಾದ ರೂಪಕ್ಕೆ ಬದಲಿಸುವ ಕಿಣ್ವವನ್ನೇ ತಡೆಯುವುದರಿಂದ ನೋವೂ ಸರಿಯಾಗಿ ತಗ್ಗುವುದಿಲ್ಲ, ರೋಗಿ ಇನ್ನೊಂದು ಮಾತ್ರೆ ನುಂಗುತ್ತಾನೆ. ನೋವಿನ ಮಾತ್ರೆ ತಪ್ಪಿಸಲಾಗದವರಿಗೆ ಕೆಲವೊಮ್ಮೆ ಮನೋವೈದ್ಯರು ತಮ್ಮ ಔಷಧಿಯನ್ನೇ ಮಿರ್ಟಾಜೆಪಿನ್, ಬುಪ್ರೊಪಿಯಾನ್‌ನಂಥ, ಪ್ಲೇಟ್‌ಲೆಟ್‌ಗಳನ್ನು ಅಷ್ಟಾಗಿ ಮುಟ್ಟದ ಒಂದಕ್ಕೆ ಬದಲಿಸುವುದೂ ಇದೆ. ಆ ತೀರ್ಮಾನ ಅವರದು.

ರಕ್ತಸ್ರಾವದ ಮಾತಿನಲ್ಲಿ ಮರೆತುಹೋಗುವ ಇನ್ನೆರಡು ಅಪಾಯಗಳಿವೆ. ಖಿನ್ನತೆಯ ಈ ಮಾತ್ರೆಗಳು ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಆರಂಭದ ಕೆಲವು ವಾರಗಳಲ್ಲಿ ರಕ್ತದ ಸೋಡಿಯಂ ಇಳಿಸಬಲ್ಲವು. ನೋವಿನ ಮಾತ್ರೆಯೂ ಬಿ.ಪಿ. ಮಾತ್ರೆಯೊಳಗಿನ ಮೂತ್ರ ಹೆಚ್ಚಿಸುವ ಔಷಧಿಯೂ ಅದನ್ನು ಇನ್ನಷ್ಟು ಕೆಳಗೆ ತಳ್ಳುತ್ತವೆ. ಸೋಡಿಯಂ 135ರಿಂದ 145ರ ನಡುವೆ ಇರಬೇಕಾದದ್ದು 120ರ ಹತ್ತಿರ ಬಂದಾಗ ಮಂಕು, ಮರೆವು, ತೂರಾಟ, ಬೀಳುವುದು ಶುರುವಾಗುತ್ತದೆ. ಮನೆಯವರು ಇದನ್ನು ಮನಸ್ಸಿನ ಕಾಯಿಲೆ ಹೆಚ್ಚಾಯಿತು ಎಂದೋ ವಯಸ್ಸಾಯಿತು ಎಂದೋ ತಿಳಿಯುತ್ತಾರೆ. ಒಂದು ಸಾಮಾನ್ಯ ರಕ್ತಪರೀಕ್ಷೆ ನಿಜ ಹೇಳುತ್ತದೆ. ನಮ್ಮ ಅಜ್ಜಿಯ ಮೂರು ಮಾತ್ರೆಗಳು ಸೇರಿ ಸೋಡಿಯಂ ಇಳಿಯಲು ದಾರಿ ಮಾಡಿಕೊಡುವ ಜೋಡಣೆ, ಮೂತ್ರಪಿಂಡಕ್ಕೂ ಅಷ್ಟೇ ಕೆಟ್ಟ ಜೋಡಣೆ.

ಇನ್ನೊಂದು ಲಿಥಿಯಂ. ಮನಸ್ಸಿನ ಏರಿಳಿತದ ಬೈಪೋಲಾರ್ ಕಾಯಿಲೆಗೂ, ಖಿನ್ನತೆಯ ಮಾತ್ರೆಯೊಂದೇ ಸಾಲದವರಿಗೂ ಕೊಡುವ ಲಿಥಿಯಂ ರಕ್ತದಲ್ಲಿ ಸಾಮಾನ್ಯವಾಗಿ 0.6ರಿಂದ 1.0ರ ಇಕ್ಕಟ್ಟಿನ ಅಳತೆಯಲ್ಲೇ ಇರಬೇಕು. ಅದು ಹೊರಹೋಗುವುದು ಮೂತ್ರಪಿಂಡದಿಂದ ಮಾತ್ರ, ನೋವಿನ ಮಾತ್ರೆ ಆ ದಾರಿಯನ್ನು ನಿಧಾನಗೊಳಿಸುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಗದ್ದೆಯಲ್ಲಿ ದುಡಿದು ನೀರು ಸಾಲದೆ ಬಳಲಿದವರು ಮೈಕೈ ನೋವಿಗೆ ಮೂರು ದಿನ ಡೈಕ್ಲೋಫೆನಾಕ್ ನುಂಗಿದರೂ ಮಟ್ಟ ಏರಿ ಕೈ ದೊಡ್ಡದಾಗಿ ನಡುಗುವುದು, ವಾಂತಿ, ಭೇದಿ, ತೊದಲು, ತೂರಾಟ ಕಾಣಿಸಿಕೊಳ್ಳಬಹುದು. ಬೇರೆಯವರಿಗೆ ‘ಕೆಲವು ದಿನದ ಮಟ್ಟಿಗೆ ಪರವಾಗಿಲ್ಲ’ ಎನ್ನಬಹುದಾದ ಸಡಿಲಿಕೆ ಲಿಥಿಯಂ ತೆಗೆದುಕೊಳ್ಳುವವರಿಗೆ ಇಲ್ಲ. ಅವರು ವೈದ್ಯರನ್ನು ಕೇಳದೆ ಈ ಗುಂಪಿನ ಒಂದು ಮಾತ್ರೆಯನ್ನೂ ಮುಟ್ಟಬಾರದು.

ಮಳೆಗಾಲದಲ್ಲಿ ಮೈಸೂರು, ಮಂಡ್ಯಗಳಲ್ಲಿ ಡೆಂಗಿ ಕಾಣಿಸಿಕೊಳ್ಳುವಾಗಲೂ ಇದೇ ಬಿಗಿ ಬೇಕು. ಡೆಂಗಿಯಲ್ಲಿ ಪ್ಲೇಟ್‌ಲೆಟ್‌ಗಳ ಎಣಿಕೆಯೇ ಕುಸಿಯುತ್ತದೆ. ಖಿನ್ನತೆಯ ಮಾತ್ರೆಯಿಂದ ಉಳಿದವುಗಳ ಅಂಟೂ ಕಡಿಮೆಯಾಗಿರುವವರು ಜ್ವರ, ಮೈಕೈ ನೋವು ಎಂದು ಐಬುಪ್ರೊಫೇನ್ ಬೆರೆತ ಮಾತ್ರೆ ನುಂಗುವುದು ಅತ್ಯಂತ ಕೆಟ್ಟ ಆಯ್ಕೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ.

ಎಚ್ಚರಿಕೆಯ ಚಿಹ್ನೆಗಳಲ್ಲಿ ಮುಖ್ಯವಾದದ್ದು ಮಲ ಕಪ್ಪಗೆ, ಅಂಟಾಗಿ, ವಿಪರೀತ ನಾತದೊಂದಿಗೆ ಹೋಗುವುದು. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದಕ್ಕೆ ಆ ಅಂಟೂ ನಾತವೂ ಇರುವುದಿಲ್ಲ. ಕಾಫಿ ಚರಟದ ಬಣ್ಣದ ವಾಂತಿ, ಎದ್ದು ನಿಂತಾಗ ಕಣ್ಣು ಕತ್ತಲೆ, ಹೊಸದಾಗಿ ಬಂದ ಏದುಸಿರು, ಹಠಾತ್ತನೆ ಬಂದ ಹಿಂದೆಂದೂ ಇಲ್ಲದ ತಲೆನೋವು, ಇವಕ್ಕೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆನೋವೇ ಇಲ್ಲವಲ್ಲ ಎಂದು ಸುಮ್ಮನಿರುವಂತಿಲ್ಲ. ನೋವಿನ ಮಾತ್ರೆ ಹುಣ್ಣಿನ ನೋವನ್ನೂ ಮರೆಸುವುದರಿಂದ ಎಷ್ಟೋ ಜನರಲ್ಲಿ ರಕ್ತಸ್ರಾವವೇ ಹುಣ್ಣಿನ ಮೊದಲ ಸುಳಿವು.

ಇದನ್ನೆಲ್ಲ ಓದಿ ಖಿನ್ನತೆಯ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಮಾತ್ರ ಬೇಡ. ದಿಢೀರನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ತಲೆಯೊಳಗೆ ಕರೆಂಟು ಹೊಡೆದಂಥ ಅನುಭವ, ಸಿಡುಕು ಬರುತ್ತವೆ, ಪ್ಯಾರಾಕ್ಸೆಟಿನ್ ಮತ್ತು ವೆನ್ಲಾಫ್ಯಾಕ್ಸಿನ್‌ಗಳಲ್ಲಿ ಇನ್ನೂ ಜೋರಾಗಿ. ಅದಕ್ಕೂ ಮಿಗಿಲಾಗಿ ಮೂಲ ಕಾಯಿಲೆ ಮರುಕಳಿಸಬಹುದು. ಮಂಡಿ ನೋವಿಗೆ ಹತ್ತು ದಾರಿಗಳಿವೆ, ಆದ್ದರಿಂದ ಮೊದಲು ಮರುಪರಿಶೀಲಿಸಬೇಕಾದದ್ದು ಸಾಮಾನ್ಯವಾಗಿ ನೋವಿನ ಮಾತ್ರೆಯನ್ನೇ. ಹಲ್ಲು ಕೀಳಿಸುವ ಮುನ್ನ, ಶಸ್ತ್ರಚಿಕಿತ್ಸೆಗೆ ಮುನ್ನ ಈ ಮಾತ್ರೆಯ ಹೆಸರು ಹೇಳಬೇಕು. ಫ್ಲುಆಕ್ಸೆಟಿನ್ ನಿಲ್ಲಿಸಿದ ಮೇಲೂ ಕೆಲವು ವಾರ ದೇಹದಲ್ಲಿ ಉಳಿಯುವುದರಿಂದ ಇತ್ತೀಚೆಗೆ ಬಿಟ್ಟವರೂ ಹೇಳಬೇಕು. ಹೇಳಲು ಸಂಕೋಚವಾದರೆ ಎಲ್ಲ ಸ್ಟ್ರಿಪ್‌ಗಳನ್ನೂ ಒಂದೇ ಕವರಿಗೆ ಹಾಕಿ ಮೇಜಿನ ಮೇಲಿಟ್ಟರೂ ಆಗುತ್ತದೆ. ಅಂಗಡಿಯಲ್ಲಿ ಮಾತ್ರೆ ಕತ್ತರಿಸಿ ಕೊಟ್ಟಾಗ ಉಳಿದ ತುಂಡಿನ ಹೆಸರನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಬಹುದು. ಔಷಧಿಯಿಂದ ತೊಂದರೆಯಾಯಿತೆಂಬ ಅನುಮಾನವಿದ್ದರೆ ವೈದ್ಯರಷ್ಟೇ ಅಲ್ಲ, ರೋಗಿಯ ಮನೆಯವರೂ ದೇಶದ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮದ 1800-180-3024 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿ ವರದಿ ಮಾಡಬಹುದು. ಆಗಲೂ ಅವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ಜೊತೆಗೆ ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು ಎಂಬುದು.